ಗಬ್ಬದ ಆಡು ಸತ್ತಿತು, ಲಿವರ್ ಬೆಣ್ಣೆ ತರಹ ಹಳದಿ ಇತ್ತು. ಈಗ ಇನ್ನೊಂದು ಮೂಲೆ ಹಿಡಿದಿದೆ

ಕಪ್ಪತಗುಡ್ಡದ ಗಾಳಿ | ಭಾನುವಾರ, ರಾತ್ರಿ 8.50

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಡರಗಿ ತಾಲೂಕು. ಹದಿನಾರು ಆಡು, ಎರಡು ಹೋತ. ನಾನು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದೇನೆ, ಶನಿವಾರ ರಾತ್ರಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್. ಆಡು ನೋಡಿಕೊಳ್ಳುವುದೆಲ್ಲ ಅವ್ವ.

ಹೋದ ವಾರ ದೊಡ್ಡ ಆಡು ಸತ್ತಿತು. ಯುಗಾದಿ ಆದ ಮೇಲೆ ಹೋತ ಬಿಟ್ಟಿದ್ದು, ನಾಲ್ಕೂವರೆ ತಿಂಗಳ ಗಬ್ಬ. ಎಲ್ಲಕ್ಕಿಂತ ಮೈತುಂಬಿಕೊಂಡಿದ್ದ ಆಡು ಅದೇ. ಮೊದಲು ಹಿಂಡಿ ಬಿಟ್ಟಿತು. ಮರುದಿನ ಹೊಟ್ಟೂ ಬಿಟ್ಟಿತು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತೇ ಇತ್ತು, ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ಕಣ್ಣು ಕಾಣದ ಹಾಗೆ ನೀರಿನ ಬಕೆಟ್‌ಗೆ ಹೋಗಿ ಬಡಿದುಕೊಂಡಿತು. ನಾಲ್ಕನೇ ದಿನ ಬಿತ್ತು, ಕುತ್ತಿಗೆ ಹಿಂದಕ್ಕೆ ತಿರುಗಿಸಿ ಮಲಗಿದ್ದು ಮತ್ತೆ ಏಳಲಿಲ್ಲ.

ನಮ್ಮ ಓಣಿಯಲ್ಲಿ ಆಡು ಕೊಯ್ಯುವ ಕಾಕಾ ಒಬ್ಬರಿದ್ದಾರೆ, ಅವರೇ ಸೀಳಿ ನೋಡಿದರು. ಒಳಗೆ ಎರಡು ಮರಿ. ಲಿವರ್ ನೋಡಿ ಅವರೇ ಗಾಬರಿಯಾದರು. ಹಳದಿ, ಊದಿಕೊಂಡು ಅಂಚು ದಪ್ಪ ಆಗಿದೆ. ಬೆರಳಿಂದ ಒತ್ತಿದರೆ ಹಳೇ ಬೆಣ್ಣೆಯ ಹಾಗೆ ಪುಡಿಯಾಗುತ್ತದೆ, ಕೈಗೆಲ್ಲ ಜಿಡ್ಡು. ಒಂದು ತುಂಡು ಬಕೆಟ್ಟಿಗೆ ಹಾಕಿದರೆ ನೀರಿನ ಮೇಲೆ ತೇಲಿತು. ಮೂವತ್ತು ವರ್ಷದಲ್ಲಿ ಇಂಥದ್ದು ನಾಲ್ಕೈದು ಸಲ ಮಾತ್ರ ನೋಡಿದ್ದಾರಂತೆ.

ಇವತ್ತು ಬೆಳಿಗ್ಗೆಯಿಂದ ಕೆಂಪಿ ಅನ್ನೋ ಆಡು ಹಿಂಡು ಬಿಟ್ಟು ಬೇರೆ ನಿಂತಿದೆ. ಅದೂ ಅದೇ ವಾರದ ಗಬ್ಬ. ಹಿಂಡಿ ಮೂಸಿ ಬಿಟ್ಟಿತು, ಬೇವಿನ ಸೊಪ್ಪು ಎರಡು ಎಸಳು ತಿಂದಿತು. ಐದು ದಿನದಿಂದ ಬಿಡದ ಜಿಟಿಜಿಟಿ ಮಳೆ, ಮೇಯಲು ಬಿಟ್ಟಿಲ್ಲ.

ಇದು ಕಾಮಾಲೆನಾ? ಉಳಿದವಕ್ಕೂ ಅಂಟುತ್ತದಾ? ಜೂನ್‌ನಲ್ಲಿ ಇಟಿ ಲಸಿಕೆ ಹಾಕಿಸಿದ್ದೆವು, ಆದರೂ ಹೀಗೆ.

ಬ್ಯಾಡಗಿ ಖಾರ | 8.58

ಇಟಿ ಅಂದರೆ ಕರುಳುಬೇನೆ ಅಣ್ಣಾ, ಅದು ಬೇರೆ. ಅದಕ್ಕೆ ಹಾಕಿದ ಲಸಿಕೆ ಇದನ್ನು ತಡೆಯಲ್ಲ.

ಹಾನಗಲ್ ಗದ್ದೆ | 9.04

ನೂರಕ್ಕೆ ನೂರು ಲಿವರ್ ಹುಳ. ನಮ್ಮ ಕಡೆ ಕೆರೆ ಬದುವಿನಲ್ಲಿ ಮೇಯಿಸಿದವಕ್ಕೆಲ್ಲ ಬರುತ್ತದೆ. ಜಂತಿನ ಔಷಧಿ ಹಾಕಿ ಮುಗಿಸಿ.

ಕುಂದಗೋಳ ಕಾಕಾ | 9.10

ಏನೂ ಆಗಿಲ್ಲ ತಮ್ಮಾ. ಶಕ್ತಿ ಕಡಿಮೆ ಆಗಿದೆ. ಅರ್ಧ ಕಿಲೋ ಬೆಲ್ಲ ನೀರಲ್ಲಿ ಕರಗಿಸಿ, ಕರಿಮೆಣಸು ಕುಟ್ಟಿ ಹಾಕಿ, ಗೊಟ್ಟದಲ್ಲಿ ಕುಡಿಸು. ಬೆಳಿಗ್ಗೆ ಜಿಗಿಯುತ್ತದೆ. ಇನ್ನೊಂದು, ಕೊನೆ ತಿಂಗಳು ಮೇವು ಕಡಿಮೆ ಮಾಡಬೇಕು. ಜಾಸ್ತಿ ತಿನ್ನಿಸಿದರೆ ಮರಿ ದೊಡ್ಡದಾಗಿ ಈಯುವಾಗ ಸಿಕ್ಕಿಹಾಕಿಕೊಳ್ಳುತ್ತದೆ.

ರೋಣದ ಅಕ್ಕ | 9.12

ಅಯ್ಯೋ ಕಾಕಾರ, ದಯವಿಟ್ಟು ಇದನ್ನು ಹೇಳಬೇಡ್ರಿ. ನಾನು ಇದೇ ಮಾತು ಕೇಳಿ ಹೋದ ವರ್ಷ ಮೂರು ಆಡು ಕಳೆದುಕೊಂಡೆ.

ಬಿಳಿ ಕೋಟು | 9.31

ನಾನು ಹಾವೇರಿ ಕಡೆಯ ಪಶುವೈದ್ಯ. ದೂರದಿಂದ ಹೇಳುತ್ತಿದ್ದೇನೆ, ಆಡನ್ನು ನೋಡಿದ ಡಾಕ್ಟರ ಮಾತೇ ಕೊನೆಯದು. ಆದರೆ ನೀವು ಬರೆದ ಲಕ್ಷಣ ಓದಿದರೆ ಹೆಚ್ಚು ಯೋಚಿಸುವ ಹಾಗೇ ಇಲ್ಲ. ಇದಕ್ಕೆ ಪ್ರೆಗ್ನೆನ್ಸಿ ಟಾಕ್ಸಿಮಿಯಾ ಅನ್ನುತ್ತಾರೆ, ಗಬ್ಬದ ಕೀಟೋಸಿಸ್ ಅಂದರೂ ಆಯಿತು. ಅಂಟುವುದಿಲ್ಲ. ಆದರೆ ಒಂದೇ ಕೊಟ್ಟಿಗೆ, ಒಂದೇ ಮೇವು, ಒಂದೇ ವಾರದ ಗಬ್ಬ ಆದ್ದರಿಂದ ಅಂಟಿದ ಹಾಗೇ ಕಾಣುತ್ತದೆ.

ಕಾಮಾಲೆ ಆಗಿದ್ದರೆ ಕಣ್ಣಿನ ಬಿಳಿ, ಒಸಡು ಎಲ್ಲಾ ಹಳದಿ ಆಗುತ್ತಿತ್ತು. ನೀವು ನೋಡಿದ ಹಳದಿ ಕೊಬ್ಬು. ನೀರಲ್ಲಿ ತೇಲಿದ್ದೂ ಅದಕ್ಕೇ.

ಈಗ ಕೆಂಪಿ ವಿಷಯ. ಇನ್ನೂ ನಿಂತಿದೆ, ಸೊಪ್ಪು ಮುಟ್ಟುತ್ತಿದೆ ಅಂದರೆ ಕೈಯಲ್ಲಿ ಸಮಯ ಇದೆ. ಬಿದ್ದ ಮೇಲೆ ಉಳಿಸುವುದು ಬಹಳ ಕಷ್ಟ. ಇವತ್ತೇ ಮೂರು ಕೆಲಸ. ಒಂದು, ಬಾಯಿ ಹತ್ತಿರ ಮೂಗು ತಂದು ವಾಸನೆ ನೋಡಿ, ಸಿಹಿಸಿಹಿ, ಉಗುರು ಬಣ್ಣ ಅಳಿಸುವ ನೀರಿನ ಹಾಗೆ ಇದೆಯಾ? ಎರಡು, ಔಷಧಿ ಅಂಗಡಿಯಲ್ಲಿ ಮನುಷ್ಯರ ಮೂತ್ರದ ಕೀಟೋನ್ ಪಟ್ಟಿ ಸಿಗುತ್ತದೆ, ಒಂದು ಡಬ್ಬಿ ತನ್ನಿ. ಮೂರು, ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಸಿಗದಿದ್ದರೆ ಪಶು ಸಹಾಯವಾಣಿ 1962.

ಹಾನಗಲ್ ಗದ್ದೆ | 9.36

ಡಾಕ್ಟ್ರೇ, ಹುಳ ಅಲ್ಲ ಅಂತ ನೋಡದೆ ಹೇಗೆ ಹೇಳ್ತೀರಿ?

ಬಿಳಿ ಕೋಟು | 9.44

ಪ್ರಶ್ನೆ ಸರಿಯಾಗಿದೆ. ಲಿವರ್ ಹುಳ ಇದ್ದರೆ ಕಣ್ಣಿನ ರೆಪ್ಪೆ ಒಳಗೆ ಬಿಳಚಿಕೊಂಡಿರುತ್ತದೆ, ದವಡೆ ಕೆಳಗೆ ನೀರು ತುಂಬಿ ಜೋಲುತ್ತದೆ. ಲಿವರ್ ಕೊಯ್ದರೆ ಪಿತ್ತದ ನಾಳದಲ್ಲಿ ಎಲೆಯಂಥ ಚಪ್ಪಟೆ ಹುಳ ಕಣ್ಣಿಗೇ ಕಾಣುತ್ತವೆ. ಆ ಹುಳಕ್ಕೆ ಬಸವನಹುಳು ಬೇಕು, ಒದ್ದೆ ಜಾಗ ಬೇಕು. ಹಾನಗಲ್‌ನ ಗದ್ದೆಯಲ್ಲಿ ನಿಮ್ಮ ಅನುಮಾನ ನೂರಕ್ಕೆ ನೂರು ಸರಿ, ಮುಂಡರಗಿಯ ಒಣ ಗುಡ್ಡದಲ್ಲಿ ಅಷ್ಟಾಗಿ ಅಲ್ಲ.

ಇನ್ನೊಂದು ಮಾತು, ಎಲ್ಲರಿಗೂ. ಗಬ್ಬದ ಆಡಿಗೆ ಕಣ್ಣುಮುಚ್ಚಿ ಜಂತಿನ ಔಷಧಿ ಹಾಕಬೇಡಿ. ಆಲ್ಬೆಂಡಜೋಲ್ ಗಬ್ಬದ ಮೊದಲ ದಿನಗಳಲ್ಲಿ ಕೊಟ್ಟರೆ ಮರಿ ಊನವಾಗುವ ಅಪಾಯ ಇದೆ.

ಕಪ್ಪತಗುಡ್ಡದ ಗಾಳಿ | 9.52

ಆಡು ಸೀಳಿದ ನಮ್ಮ ಓಣಿ ಕಾಕಾಗೆ ಫೋನ್ ಮಾಡಿ ಕೇಳಿದೆ. ಹುಳ ಒಂದೂ ಇರಲಿಲ್ಲ ಅಂದರು. ದವಡೆ ಊದಿರಲಿಲ್ಲ, ಆದರೆ ಕಾಲಿನ ಗಿಣ್ಣು ಊದಿತ್ತು.

ವಾಸನೆ ನೋಡಿದೆ. ಇದೆ. ಕೊಳೆಯಲು ಶುರುವಾದ ಹಣ್ಣಿನ ತರಹ.

ಬಿಳಿ ಕೋಟು | 9.55

ಗಿಣ್ಣು ಊದುವುದು ಇದರಲ್ಲೂ ಬರುತ್ತದೆ. ಡಾಕ್ಟರನ್ನು ಕರೆಯಿರಿ, ನಾಳೆ ಅನ್ನಬೇಡಿ.

ಶೆಡ್ ಸಾಹುಕಾರ | 10.05

ನನಗೆ ಅರ್ಥ ಆಗದ್ದು ಒಂದೇ. ಬಡಕಲು ಆಡಿಗೆ ಬಂದರೆ ಒಪ್ಪಬಹುದು. ಎಲ್ಲಕ್ಕಿಂತ ದಪ್ಪ ಆಡಿಗೆ ಶಕ್ತಿ ಕಡಿಮೆ ಆಗುವುದು ಹೇಗೆ? ನನ್ನ ಶೆಡ್ಡಲ್ಲೂ ಹೋದದ್ದು ಬೀಟಲ್ ತಳಿಯ ದಪ್ಪ ಆಡೇ.

ಬಿಳಿ ಕೋಟು | 10.27

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆಡು ಸುಮಾರು 150 ದಿನಕ್ಕೆ ಈಯುತ್ತದೆ. ಮರಿ ಬೆಳೆಯುವುದರಲ್ಲಿ ಮುಕ್ಕಾಲು ಪಾಲು ಕೊನೆಯ ಆರು ವಾರದಲ್ಲೇ. ಎರಡು ಮೂರು ಮರಿ ಇದ್ದರೆ ತಾಯಿಗೆ ಬೇಕಾದ ಶಕ್ತಿ ಖಾಲಿ ಆಡಿನ ಒಂದೂವರೆಯಿಂದ ಎರಡು ಪಟ್ಟು ಆಗುತ್ತದೆ. ಅದೇ ಹೊತ್ತಿಗೆ ಗರ್ಭ ದೊಡ್ಡದಾಗಿ ಮೇವಿನ ಹೊಟ್ಟೆಯನ್ನು ಒತ್ತುತ್ತದೆ. ಬೇಕಾದದ್ದು ಎರಡು ಪಟ್ಟು, ತುಂಬುವ ಚೀಲ ಅರ್ಧ. ದಪ್ಪ ಆಡಿಗೆ ಹೊಟ್ಟೆಯೊಳಗಿನ ಕೊಬ್ಬೂ ಸೇರಿ ಜಾಗವನ್ನೇ ತಿನ್ನುತ್ತದೆ. ಅದಕ್ಕೇ ಅದು ಎಲ್ಲಕ್ಕಿಂತ ಮೊದಲು ಮೇವು ಬಿಡುತ್ತದೆ.

ಮೇವು ಸಾಲದಾದಾಗ ಮೈಯ ಕೊಬ್ಬು ಕರಗಿ ರಕ್ತದಲ್ಲಿ ಲಿವರ್‌ಗೆ ಬರುತ್ತದೆ. ಲಿವರ್ ಅಂದರೆ ಊರಿನ ಒಂದೇ ಗಿರಣಿ ಅಂದುಕೊಳ್ಳಿ. ದಿನಕ್ಕೆ ಹತ್ತು ಚೀಲ ಬೀಸುವ ಗಿರಣಿಗೆ ಒಮ್ಮೆಲೇ ನೂರು ಚೀಲ ಬಂದು ಬಿದ್ದರೆ? ಗಿರಣಿಯವನು ಒಂದಿಷ್ಟನ್ನು ಅರೆಬರೆ ಬೀಸಿ ಹೊರಗೆ ತಳ್ಳುತ್ತಾನೆ, ಅದೇ ಕೀಟೋನ್. ನೀವು ನೋಡಿದ ವಾಸನೆ ಅದರದ್ದು. ಉಳಿದ ಚೀಲ ಗಿರಣಿಯೊಳಗೇ ಒಟ್ಟುತ್ತಾನೆ. ಕೊಬ್ಬನ್ನು ಮತ್ತೆ ಹೊರಗೆ ಸಾಗಿಸುವ ತಾಕತ್ತು ಆಡು, ಕುರಿ, ಆಕಳಿನ ಲಿವರ್‌ಗೆ ಬಹಳ ಕಡಿಮೆ. ಕೊನೆಗೆ ಬೀಸುವವನಿಗೇ ಕಾಲಿಡಲು ಜಾಗ ಇಲ್ಲ.

ಕಷ್ಟ ಇರುವುದೇ ಇಲ್ಲಿ. ಆಡಿನ ರಕ್ತಕ್ಕೆ ಬೇಕಾದ ಗ್ಲೂಕೋಸ್ ಹೆಚ್ಚಿನದನ್ನು ತಯಾರಿಸುವುದೂ ಇದೇ ಲಿವರ್. ಕೊಬ್ಬು ತುಂಬಿದ ಲಿವರ್ ಗ್ಲೂಕೋಸ್ ಮಾಡುವುದು ಕಡಿಮೆ ಮಾಡುತ್ತದೆ, ಗ್ಲೂಕೋಸ್ ಇಳಿದಷ್ಟೂ ಮೈಕೊಬ್ಬು ಇನ್ನೂ ಕರಗುತ್ತದೆ, ಕರಗಿದ್ದೆಲ್ಲ ಮತ್ತೆ ಅದೇ ಲಿವರ್‌ಗೆ. ಮಿದುಳಿಗೆ ಗ್ಲೂಕೋಸ್ ಸಿಗದೆ ಕುರುಡಾದ ಹಾಗೆ ನಡೆಯುತ್ತದೆ, ಹಲ್ಲು ಕಡಿಯುತ್ತದೆ, ತಲೆ ಮೇಲೆತ್ತಿ ನಿಲ್ಲುತ್ತದೆ. ಕಣ್ಣಿಗೆ ಏನೂ ಆಗಿರುವುದಿಲ್ಲ.

ರಾಣೇಬೆನ್ನೂರು ರಾತ್ರಿಪಾಳಿ | 10.33

ನಮ್ಮ ಮಾವನಿಗೂ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬರೆದಿದ್ದಾರೆ. ಗಬ್ಬ ಅಂತೂ ಅಲ್ಲ.

ಬ್ಯಾಡಗಿ ಖಾರ | 10.34

ಗಿರ್ಮಿಟ್, ಮಿರ್ಚಿಯ ಗಬ್ಬ ಇರಬೇಕು 😂

ಕುಂದಗೋಳ ಕಾಕಾ | 10.41

ಗ್ಲೂಕೋಸ್ ಕಡಿಮೆ ಅಂತ ನೀವೇ ಹೇಳಿದಿರಿ ಡಾಕ್ಟ್ರೇ. ಬೆಲ್ಲ ಮತ್ತೇನು? ನಾನು ಹೇಳಿದ್ದೂ ಅದೇ ಅಲ್ವಾ?

ಬಿಳಿ ಕೋಟು | 10.50

ಮನುಷ್ಯನಿಗೆ ಆಗಿದ್ದರೆ ನಿಮ್ಮ ಮಾತು ಸರಿ ಕಾಕಾರ. ಆಡಿಗೆ ಕುಡಿಸಿದ ಬೆಲ್ಲ ನೇರ ರಕ್ತಕ್ಕೆ ಹೋಗುವುದಿಲ್ಲ. ದೊಡ್ಡ ಹೊಟ್ಟೆಯಲ್ಲಿ ಹುಳಿಯುತ್ತದೆ. ಅದರಿಂದ ಬರುವ ಆಮ್ಲದಲ್ಲಿ ಒಂದು ಪಾಲು ಮತ್ತೆ ಕೀಟೋನನ್ನೇ ಹೆಚ್ಚಿಸುತ್ತದೆ. ಅರ್ಧ ಕಿಲೋ ಒಮ್ಮೆಲೇ ಹಾಕಿದರೆ ಹೊಟ್ಟೆ ಹುಳಿಯಾಗಿ ಆ ಕಾರಣಕ್ಕೇ ಸಾಯಬಹುದು. ಬೇರೆ ಏನೂ ಸಿಗದ ರಾತ್ರಿ ಒಂದು ಹಿಡಿ ಬೆಲ್ಲದ ನೀರಿಗೆ ನಾನು ಜಗಳ ಆಡಲ್ಲ, ಆದರೆ ಅದನ್ನೇ ಔಷಧಿ ಅಂತ ನಂಬಿ ಎರಡು ದಿನ ಕಳೆದರೆ ಆಡು ಹೋಗುತ್ತದೆ.

ಇದಕ್ಕೆ ಕೊಡುವುದು ಪ್ರೊಪಿಲೀನ್ ಗ್ಲೈಕಾಲ್. ಆಕಳ ಕೀಟೋಸಿಸ್‌ಗೆ ಅಂತ ಪಶು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಲಿವರ್ ಅದನ್ನು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ 60 ಮಿ.ಲೀ., ದಿನಕ್ಕೆ ಎರಡು ಸಲ, ಮೂರು ದಿನ. ಹೆಚ್ಚು ಕೊಟ್ಟರೆ ಹೊಟ್ಟೆಯ ಒಳ್ಳೆಯ ಜೀವಾಣು ಸಾಯುತ್ತವೆ, ಆಡಿಗೂ ವಿಷ. ಗೊಟ್ಟದಲ್ಲಿ ಕುಡಿಸುವಾಗ ತಲೆ ಆಕಾಶಕ್ಕೆ ಎತ್ತಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನುಂಗುವ ಶಕ್ತಿಯೇ ಇಲ್ಲದ್ದಕ್ಕೆ ಕುಡಿಸಲೇಬೇಡಿ.

ಕುಂದಗೋಳ ಕಾಕಾ | 10.56

ನಮ್ಮಪ್ಪ ನೂರು ಆಡು ಸಾಕಿದವನು. ಒಂದಕ್ಕೂ ಗ್ಲೈಕಾಲ್ ಕುಡಿಸಲಿಲ್ಲ.

ರೋಣದ ಅಕ್ಕ | 11.02

ನಿಮ್ಮಪ್ಪನ ಆಡು ಬೆಳಿಗ್ಗೆ ಬಿಟ್ಟರೆ ಸಂಜೆವರೆಗೆ ಬೇಲಿ, ಹಳ್ಳ, ಗುಡ್ಡ ಅಂತ ಇಪ್ಪತ್ತು ತರಹದ ಸೊಪ್ಪು ತಿನ್ನುತ್ತಿದ್ದವು ಕಾಕಾರ. ನಾವು ಕೂಡಿಹಾಕಿ ಶೇಂಗಾ ಹೊಟ್ಟು, ಜೋಳದ ಕಣಿಕೆ ಮುಂದೆ ಒಗೆಯುತ್ತೇವೆ. ಮೇಲಾಗಿ ಎರಡು ಮರಿ, ಮೂರು ಮರಿ ಹಾಕಬೇಕು ಅಂತ ಉಸ್ಮಾನಾಬಾದಿ ತಳಿ ಹುಡುಕಿ ತರುತ್ತೇವೆ.

ನನ್ನದು ಹೇಳುತ್ತೇನೆ. ಮೊದಲು ಸತ್ತದ್ದು ದಪ್ಪ ಆಡು. ಗಬ್ಬ ಆಗುವ ಮೊದಲೇ ಮುದ್ದಿಗೆ ಅಂತ ಗೋವಿನಜೋಳ ತಿನ್ನಿಸಿ ತಿನ್ನಿಸಿ ಬೆಳೆಸಿದ್ದೆ. ಆಮೇಲೆ ಯಾರೋ ಮರಿ ಸಿಕ್ಕಿಕೊಳ್ಳುತ್ತದೆ ಅಂದರು, ಕೊನೆ ತಿಂಗಳು ಕಾಳು ಪೂರ್ತಿ ನಿಲ್ಲಿಸಿದೆ. ಹನ್ನೊಂದು ದಿನಕ್ಕೆ ಬಿತ್ತು. ಇನ್ನೆರಡು ಬಡಕಲು, ಹೊಟ್ಟು ತಿಂದು ಹೊಟ್ಟೆ ತುಂಬಿದ ಹಾಗೆ ಕಾಣುತ್ತಿದ್ದವು, ಬೆನ್ನು ಮುಟ್ಟಿದರೆ ಮೂಳೆ. ಅವೂ ಹೋದವು.

ಈಗ ಗಬ್ಬ ನಿಂತ ಮೂರನೇ ತಿಂಗಳಿಗೆ ಎಲ್ಲದರ ಬೆನ್ನ ಮೇಲೆ ಕೈ ಆಡಿಸುತ್ತೇನೆ. ಮುಷ್ಟಿ ಕಟ್ಟಿ ಬೆರಳ ಗಿಣ್ಣು ಮುಟ್ಟಿಕೊಳ್ಳಿ, ಆಡಿನ ಬೆನ್ನು ಹಾಗೆ ಸಿಕ್ಕರೆ ಬಡಕಲು. ಕೈಯ ಹಿಂಭಾಗದ ಹಾಗೆ ಇದ್ದರೆ ಸರಿ. ಹೆಬ್ಬೆರಳ ಬುಡದ ಮೆತ್ತನೆ ಮಾಂಸದ ಹಾಗೆ ಇದ್ದರೆ ಜಾಸ್ತಿ ದಪ್ಪ. ಕಣ್ಣಿಂದ ನೋಡಿದರೆ ಗೊತ್ತಾಗಲ್ಲ, ಕೂದಲು ಮೋಸ ಮಾಡುತ್ತದೆ.

ನವಲಗುಂದ ಕರಿಮಣ್ಣು | 11.09

ಅಕ್ಕಾರ ಮಾತು ಖರೆ. ಮರಿ ಸಿಕ್ಕುವ ಹೆದರಿಕೆಗೆ ಆಡನ್ನೇ ಕಳೆದುಕೊಂಡವರು ನಮ್ಮೂರಲ್ಲೂ ಇದ್ದಾರೆ.

ಶೆಡ್ ಸಾಹುಕಾರ | 11.15

ಹಾಗಾದರೆ ಕೊನೆ ತಿಂಗಳು ಎಷ್ಟು ಕಾಳು ಕೊಡಬೇಕು? ನಾಳೆಯಿಂದಲೇ ಒಂದು ಕಿಲೋ ಶುರು ಮಾಡಲಾ?

ಬಿಳಿ ಕೋಟು | 11.21

ಬೇಡ ಬೇಡ! ಒಮ್ಮೆಲೇ ಕಿಲೋ ಗೋವಿನಜೋಳ ಹಾಕಿದರೆ ಹೊಟ್ಟೆ ಹುಳಿಯಾಗಿ ಮೂರು ದಿನದಲ್ಲಿ ಸಾಯುತ್ತದೆ. ಕೊನೆಯ ಆರು ವಾರ ಶುರುವಾಗುವಾಗ 200 ಗ್ರಾಂ, ವಾರ ವಾರಕ್ಕೆ ಸ್ವಲ್ಪ ಏರಿಸಿ ಈಯುವ ಹೊತ್ತಿಗೆ 400ರಿಂದ 500 ಗ್ರಾಂ, ಅದನ್ನೂ ಎರಡು ಹೊತ್ತಿಗೆ ಹಂಚಿ. 40 ಕಿಲೋ ಆಡಿನ ಲೆಕ್ಕ ಇದು. ಗೋವಿನಜೋಳದ ನುಚ್ಚು, ಹಿಂಡಿ, ಖನಿಜ ಮಿಶ್ರಣ ಕೂಡಿಸಿ. ಹೊಟ್ಟು ಕಡಿಮೆ ಮಾಡಿ ಹಸಿ ಸೊಪ್ಪು ಜಾಸ್ತಿ, ಜಾಗ ಕಡಿಮೆ ಇರುವ ಹೊಟ್ಟೆಗೆ ಸತ್ವ ಇರುವುದೇ ಹೋಗಲಿ. ಮತ್ತೆ ದಪ್ಪ ಆಡನ್ನು ಗಬ್ಬದಲ್ಲಿ ಇಳಿಸಲು ಹೋಗಬೇಡಿ. ಇಳಿಸುವುದಿದ್ದರೆ ಹೋತ ಬಿಡುವ ಮೊದಲು.

ಒಂದು ದಿನದ ಉಪವಾಸ ಸಾಕು ಇದಕ್ಕೆ ಕಿಡಿ ಹಚ್ಚಲು. ಮಳೆಗೆ ಕೂಡಿಹಾಕುವುದು, ಟೆಂಪೋದಲ್ಲಿ ಸಾಗಿಸುವುದು, ನಾಯಿ ಅಟ್ಟಿಸಿಕೊಂಡು ಬರುವುದು, ಮೇವು ಒಮ್ಮೆಲೇ ಬದಲಾಯಿಸುವುದು. ಇಲ್ಲಿ ಐದು ದಿನದ ಮಳೆ.

ಕಪ್ಪತಗುಡ್ಡದ ಗಾಳಿ | ಸೋಮವಾರ, ಬೆಳಿಗ್ಗೆ 7.40

ರಾತ್ರಿ ಒಬ್ಬರಿಗೆ ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬಿಡಿ. 1962ಕ್ಕೆ ಮಾಡಿದ್ದೇನೆ, ಗಾಡಿ ಬರುತ್ತಿದೆ ಅಂದಿದ್ದಾರೆ. ಇವತ್ತು ಕೆಲಸಕ್ಕೆ ರಜೆ ಹಾಕಿದೆ.

ಪಟ್ಟಿ ಪರೀಕ್ಷೆಯ ಕಥೆ ಕೇಳಿ. ಬೆಳಿಗ್ಗೆ ಐದಕ್ಕೆ ಆಡು ಏಳುವ ಮೊದಲೇ ಹೋಗಿ ಹಿಂದೆ ಕೂತೆ, ಕೈಯಲ್ಲಿ ಪ್ಲಾಸ್ಟಿಕ್ ಲೋಟ. ಎಬ್ಬಿಸಿದ ಕೂಡಲೇ ಉಚ್ಚೆ ಹೊಯ್ಯುತ್ತದೆ ಅಂತ ಅವ್ವ ಹೇಳಿದ್ದಳು. ಎದ್ದಿತು, ಮೈ ಮುರಿಯಿತು, ನನ್ನ ಪ್ಯಾಂಟಿನ ಮೇಲೇ ಹೊಯ್ದಿತು. ಲೋಟದಲ್ಲಿ ನಾಲ್ಕು ಹನಿ. ಸಾಕಾಯಿತು. ಪಟ್ಟಿ ಅದ್ದಿದ ಸ್ವಲ್ಪ ಹೊತ್ತಿಗೆ ಬದನೆಕಾಯಿ ಬಣ್ಣ. ಡಬ್ಬಿಯ ಮೇಲಿನ ಕೊನೆಯ ಮನೆಗಿಂತ ಗಾಢ.

ಬ್ಯಾಡಗಿ ಖಾರ | 7.48

ಅವ್ವ ನಕ್ಕಳಾ?

ಕಪ್ಪತಗುಡ್ಡದ ಗಾಳಿ | 7.49

ಇನ್ನೂ ನಗುತ್ತಿದ್ದಾಳೆ.

ಬಿಳಿ ಕೋಟು | 8.02

ಈ ಬಣ್ಣವನ್ನು ಡಾಕ್ಟರಿಗೆ ತೋರಿಸಿ, ಪಟ್ಟಿಯ ಫೋಟೋ ಈಗಲೇ ತೆಗೆದಿಡಿ. ಉಳಿದ ಗಬ್ಬದವನ್ನೂ ಹೀಗೇ ನೋಡಿ, ಮೇವು ಬಿಡುವ ಮೊದಲೇ ಸಿಕ್ಕಿಬೀಳುತ್ತವೆ. ರಕ್ತದಲ್ಲಿ ನೋಡುವ ಕೀಟೋನ್ ಯಂತ್ರ ಇದ್ದರೆ ಇನ್ನೂ ನಿಖರ. 0.8 ದಾಟಿದರೆ ಎಚ್ಚರ, 3 ದಾಟಿದರೆ ಗಂಭೀರ.

ಮತ್ತೆ ಎಲ್ಲಕ್ಕಿಂತ ಮುಖ್ಯ, ಹೋತ ಬಿಟ್ಟ ತಾರೀಖು ಸರಿಯಾಗಿ ಗೊತ್ತಾ?

ಕಪ್ಪತಗುಡ್ಡದ ಗಾಳಿ | 8.10

ನಾನು ಮೊಬೈಲ್‌ನಲ್ಲಿ ಬರೆದಿಟ್ಟಿದ್ದೆ, ಆ ಮೊಬೈಲ್ ಮೇ ತಿಂಗಳಲ್ಲೇ ಸತ್ತಿತು. ಅವ್ವನಿಗೆ ಓದು ಬರಲ್ಲ. ಆದರೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಒಂದೊಂದು ಆಡಿಗೆ ಒಂದೊಂದು ಕಾಡಿಗೆ ಬೊಟ್ಟು ಇಟ್ಟಿದ್ದಾಳೆ. ಕೆಂಪಿಗೆ ಬೊಟ್ಟಿನ ಪಕ್ಕ ಕುಂಕುಮ. ಎಣಿಸಿದೆ, ಇವತ್ತಿಗೆ 141.

ರೋಣದ ಅಕ್ಕ | 8.15

ಅವ್ವನಿಗೆ ನನ್ನ ನಮಸ್ಕಾರ ಹೇಳಿ.

ಕಪ್ಪತಗುಡ್ಡದ ಗಾಳಿ | ಮಧ್ಯಾಹ್ನ 1.20

ಡಾಕ್ಟರ್ ಬಂದು ಹೋದರು. ರಕ್ತನಾಳಕ್ಕೆ ಗ್ಲೂಕೋಸ್, ಕ್ಯಾಲ್ಸಿಯಂ ಕೂಡ ಹಾಕಿದರು, ಈ ಹೊತ್ತಲ್ಲಿ ಅದೂ ಕಡಿಮೆ ಇರುತ್ತದಂತೆ. ಬಿ ವಿಟಮಿನ್ ಸೂಜಿ. ಗ್ಲೈಕಾಲ್ ಎರಡು ಹೊತ್ತು. ಎರಡು ಮೂರು ದಿನದಲ್ಲಿ ಚೇತರಿಸದಿದ್ದರೆ ಸೂಜಿ ಹಾಕಿ ಈಯಿಸುತ್ತೇವೆ ಅಂದರು. ದಿನ ಹತ್ತಿರ ಇರುವುದರಿಂದ ಮರಿಯೂ ಬದುಕಬಹುದು, ನಾಲ್ಕನೇ ತಿಂಗಳಲ್ಲಾಗಿದ್ದರೆ ತಾಯಿ ಮರಿ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತಿತ್ತು ಅಂದರು. ಬೊಟ್ಟಿನ ಕ್ಯಾಲೆಂಡರ್ ಫೋಟೋ ತೆಗೆದುಕೊಂಡು ಹೋದರು!

ನವಲಗುಂದ ಕರಿಮಣ್ಣು | 1.34

ಒಂದು ಅನುಮಾನ. ಮೊದಲು ಸತ್ತ ಆಡಿನ ಮಾಂಸ ಏನು ಮಾಡಿದಿರಿ? ನಮ್ಮ ಕಡೆ ಹಂಚಿಬಿಡುತ್ತಾರೆ.

ಕಪ್ಪತಗುಡ್ಡದ ಗಾಳಿ | 1.40

ಹೂಳಿದೆವು. ಸೀಳಿದ ಓಣಿ ಕಾಕಾನೇ ಬೇಡ ಅಂದರು.

ಬಿಳಿ ಕೋಟು | 2.05

ಒಳ್ಳೆಯದು ಮಾಡಿದಿರಿ. ತಾನಾಗಿ ಸತ್ತ ಪ್ರಾಣಿಯನ್ನು ತಿನ್ನಲೇಬಾರದು.

ಹಾನಗಲ್ ಗದ್ದೆ | 2.30

ಸೊಪ್ಪಿನ ಮಾತು ಬಂತಲ್ಲ, ಅಗಸೆ ಸೊಪ್ಪು ಬಹಳ ಚೆನ್ನ. ಆಡು ಕಾಯಿಲೆಯಲ್ಲೂ ಬಿಡುವುದಿಲ್ಲ.

ನವಲಗುಂದ ಕರಿಮಣ್ಣು | 2.33

ಅಗಸಿಯ ಸೊಪ್ಪು ಯಾರು ಹಾಕ್ತಾರ್ರೀ? ಅದು ಎಣ್ಣೆಕಾಳು, ಚಟ್ನಿಪುಡಿ ಮಾಡೋದು.

ರೋಣದ ಅಕ್ಕ | 2.37

ಅವರು ಹೇಳೋದು ಮರದ ಅಗಸೆ, ನಮ್ಮ ಚೊಗಚಿ. ಬಿಳಿ ದೊಡ್ಡ ಹೂ ಬಿಡುತ್ತದಲ್ಲ, ಅದು.

ನವಲಗುಂದ ಕರಿಮಣ್ಣು | 2.38

ಹಾಂ, ಚೊಗಚಿ ಅನ್ನಿ ಮತ್ತೆ. ಅರ್ಧ ದಿನ ತಲೆ ಕೆಡುತ್ತಿತ್ತು.

ಕಪ್ಪತಗುಡ್ಡದ ಗಾಳಿ | ಶನಿವಾರ, ರಾತ್ರಿ 9.15

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬುಧವಾರದವರೆಗೆ ಅಷ್ಟಕ್ಕಷ್ಟೇ ಇತ್ತು. ಗ್ಲೈಕಾಲ್ ಕುಡಿಸಿದ ಎರಡು ತಾಸು ಸ್ವಲ್ಪ ಮೆಲುಕು, ಮತ್ತೆ ಗೋಡೆ ಕಡೆ ಮುಖ. ಡಾಕ್ಟರ್ ಬುಧವಾರ ಸಂಜೆ ಈಯಿಸುವ ಸೂಜಿ ಹಾಕಿದರು. ಶುಕ್ರವಾರ ರಾತ್ರಿ ಮೂರು ಮರಿ. ಒಂದು ಸತ್ತೇ ಬಂತು, ಅಂಗೈಯಷ್ಟು. ಎರಡು ಬದುಕಿವೆ, ಒಂದು ಹೆಣ್ಣು. ತಾಯಿಗೆ ಹಾಲು ಕಡಿಮೆ, ಪಕ್ಕದ ಆಡಿನ ಗಿಣ್ಣದ ಹಾಲು ಕರೆದು ಬಾಟಲಿಯಲ್ಲಿ ಕುಡಿಸುತ್ತಿದ್ದೇವೆ.

ಕೆಂಪಿ ಇವತ್ತು ಬೆಳಿಗ್ಗೆ ತಾನಾಗಿ ಎದ್ದು ಅವ್ವನ ಸೆರಗಿನಲ್ಲಿದ್ದ ಚೊಗಚಿ ಎಳೆದು ತಿಂದಿತು. ಸೆರಗಿಗೂ ಬಾಯಿ ಹಾಕಿತು.

ಉಳಿದವನ್ನೂ ಪಟ್ಟಿಯಲ್ಲಿ ನೋಡಿದೆ. ಇನ್ನೆರಡಕ್ಕೆ ತಿಳಿ ಬಣ್ಣ ಬಂತು, ಎರಡೂ ತಿನ್ನುತ್ತಲೇ ಇವೆ. ಡಾಕ್ಟರ್ ಅವಕ್ಕೂ ಗ್ಲೈಕಾಲ್ ಬರೆದುಕೊಟ್ಟಿದ್ದಾರೆ, ಕಾಳು ನಿಧಾನಕ್ಕೆ ಏರಿಸುತ್ತಿದ್ದೇವೆ.

ಬಿಳಿ ಕೋಟು | 9.40

ಸಂತೋಷ. ಈದಿತು ಅಂತ ಕೈಬಿಡಬೇಡಿ. ಮರಿಯ ಭಾರ ಇಳಿದರೂ ಲಿವರ್‌ನ ಕೊಬ್ಬು ಒಂದೇ ದಿನಕ್ಕೆ ಇಳಿಯುವುದಿಲ್ಲ, ಹಾಲು ಬೇರೆ ಶುರು. ಕಸ (ಮಾಸು) ಬಿದ್ದಿತಾ ನೋಡಿ, ಇನ್ನೊಂದು ವಾರ ಪಟ್ಟಿ ಪರೀಕ್ಷೆ ಮಾಡುತ್ತಿರಿ.

ಕಪ್ಪತಗುಡ್ಡದ ಗಾಳಿ | 9.44

ಕಸ ಬೆಳಿಗ್ಗೆ ಬಿತ್ತು. ಪಟ್ಟಿ ಪರೀಕ್ಷೆ ಈಗ ಅವ್ವನೇ ಮಾಡುತ್ತಾಳೆ, ನನ್ನ ಪ್ಯಾಂಟ್ ಉಳಿಯಿತು.

ಶೆಡ್ ಸಾಹುಕಾರ | 9.50

ಚೊಗಚಿ ಸಸಿ ಧಾರವಾಡದ ಕಡೆ ಎಲ್ಲಿ ಸಿಗುತ್ತದೆ ಯಾರಿಗಾದರೂ ಗೊತ್ತಾ? ಐವತ್ತು ಬೇಕು.

ಕುಂದಗೋಳ ಕಾಕಾ | 9.58

ನಮ್ಮ ಹೊಲದ ಬದುವಿನಲ್ಲಿವೆ, ಬೀಜ ಕೊಡುತ್ತೇನೆ ಬಾ. ಕಾಸು ಬೇಡ. ಆದರೂ ಹೇಳುತ್ತೇನೆ, ಮೊದಲ ದಿನವೇ ಬೆಲ್ಲ ಕುಡಿಸಿದ್ದರೆ ನಾಲ್ಕೂ ಮರಿ ಉಳಿಯುತ್ತಿದ್ದವು.

ರೋಣದ ಅಕ್ಕ | 10.01

ಕಾಕಾರ, ಇದ್ದದ್ದೇ ಮೂರು.